ಚಾ ಒಲ್ಲೆ ಅಂದ ಇಬ್ಬರು

ಹೊಟ್ಟೆ ತುಂಬಿದ ಮನುಷ್ಯನಿಗೆ ಮೊದಲು ಬರುವ ಆಸೆ ಬೋರ್ಡು ಬರೆಸುವುದು. ಮಾನ್ವಿ ಬಸ್ ನಿಲ್ದಾಣದ ಎದುರು ಇಪ್ಪತ್ತೆರಡು ವರ್ಷ ಹೆಸರಿಲ್ಲದ ಹೋಟೆಲಿನಲ್ಲಿ ಚಹಾ ಕಾಸಿದ ರಾಮಲಿಂಗಪ್ಪನಿಗೂ ಒಂದು ಸೋಮವಾರ ಆ ಆಸೆ ಬಂತು. ಪೇಂಟರ್ ಮುಷರ್ರಫನನ್ನು ಕರೆಸಿ, ಹಳದಿ ತಗಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ: "ನಮ್ಮ ಚಾ ಒಲ್ಲೆ ಅಂದವರು ಇನ್ನೂ ಹುಟ್ಟಿಲ್ಲ."

ಹೆಂಡತಿ ಯಮನಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಓದಿದಳು.

"ಹೋಟೆಲ್ ಹೆಸರು ಎಲ್ಲಿ ಅದ?"

"ಅದಾ ಹೆಸರು."

"ಹಂಗೆಲ್ಲ ಬರೀಬಾರದು. ಹುಟ್ಟಿಲ್ಲ ಅಂತ ಬರದ್ರ ಯಾರಾರ ಹುಟ್ಟಿ ಬರ್ತಾರ."

ಹೆಂಡತಿಯ ಮಾತಿಗೆ ಕಿವಿಗೊಡುವ ಅಭ್ಯಾಸ ರಾಮಲಿಂಗಪ್ಪನಿಗೆ ಇರಲಿಲ್ಲ. ಅದೂ ಅಲ್ಲದೆ ಬೋರ್ಡು ಅಷ್ಟೇನೂ ಸುಳ್ಳು ಹೇಳುತ್ತಿರಲಿಲ್ಲ. ಅಕ್ಕಿ ಗಿರಣಿಯ ಹಮಾಲರು, ದೇವದುರ್ಗದ ಬಸ್ಸಿಗೆ ಕಾಯುವವರು, ಕಲ್ಲೂರಿನಿಂದ ಸಂತೆಗೆ ಬರುವವರು, ಎಲ್ಲರೂ ಅಲ್ಲಿ ಕುಡಿಯುತ್ತಿದ್ದರು. ಹತ್ತಿರದ ಕಚೇರಿಯೊಂದರ ಮ್ಯಾನೇಜರ್ ನಿಂಗರಾಜ ದಿನಕ್ಕೆ ಹನ್ನೊಂದು ಚಹಾ ಕುಡಿಯುತ್ತಿದ್ದ. ಯಾವ ಕಚೇರಿ ಎಂದು ಹೇಳುವುದು ಬೇಡ, ನಾಳೆ ನಮಗೂ ಅಲ್ಲಿ ಕೆಲಸ ಬೀಳಬಹುದು.

ಬೋರ್ಡಿನ ಬಣ್ಣ ಇನ್ನೂ ಆರಿರಲಿಲ್ಲ. ಮಂಗಳವಾರ ಬೆಳಿಗ್ಗೆಯೇ ಆ ಇಬ್ಬರು ಹುಟ್ಟಿ ಬಂದರು.

ಒಬ್ಬ ಬಿಳಿಯ, ಬಾಗಿಲಿನಷ್ಟು ಎತ್ತರ. ಇನ್ನೊಬ್ಬ ನಮ್ಮ ಕಡೆಯ ಬಣ್ಣದವನೇ, ರಾಜಮಂಡ್ರಿಯ ಹುಡುಗ. ಇಬ್ಬರಿಗೂ ಇಪ್ಪತ್ತರ ಆಸುಪಾಸು. ಮಾನ್ವಿಯ ಬಿಸಿಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಿಗೆ ಟೈ, ಎದೆಯ ಮೇಲೆ ಕರಿ ಬಿಲ್ಲೆ. ಬಿಲ್ಲೆಯ ಮೇಲೆ ಒಬ್ಬನದು ಎಲ್ಡರ್ ಬಾರ್ಲೊ, ಇನ್ನೊಬ್ಬನದು ಎಲ್ಡರ್ ಪ್ರೇಮಾನಂದ ಎಂದಿತ್ತು. ಎಲ್ಡರ್ ಎಂದರೆ ಹಿರಿಯರು ಎಂದು ನಿಂಗರಾಜ ಅರ್ಥ ಹೇಳಿದ. ಮೀಸೆ ಸರಿಯಾಗಿ ಮೂಡದ ಹಿರಿಯರನ್ನು ಮಾನ್ವಿ ಅಂದೇ ಮೊದಲು ನೋಡಿದ್ದು.

ಅವರು ಕೇಳಿದ್ದು ನೀರು, ಬಾಳೆಹಣ್ಣು. ರಾಮಲಿಂಗಪ್ಪ ಪರದೇಶದ ಅತಿಥಿ ಎಂದು ಕೆನೆಗಟ್ಟಿದ ಎರಡು ಚಹಾ ತಾನೇ ತಂದಿಟ್ಟ. ಬಾರ್ಲೊ ಎದೆಯ ಮೇಲೆ ಕೈಯಿಟ್ಟು, ಬಾಯ್ತುಂಬ ನಕ್ಕು, ಕಲಿತ ಕನ್ನಡದಲ್ಲಿ ಹೇಳಿದ: "ಬೇಡ. ಧನ್ಯವಾದಗಳು."

ಮಾನ್ವಿಯಲ್ಲಿ ಧನ್ಯವಾದ ಎಂಬ ಶಬ್ದವನ್ನು ಜನ ಸಭೆ ಮುಗಿಯುವಾಗ ಮೈಕಿನಲ್ಲಿ ಮಾತ್ರ ಕೇಳಿದ್ದರು. ಬೆಂಚಿನ ಮೇಲೆ ಕುಳಿತಿದ್ದ ಯಮನಮ್ಮನ ತಮ್ಮ ಯಲ್ಲಾಲಿಂಗ ಒಮ್ಮೆ ಬೋರ್ಡು ನೋಡಿದ, ಒಮ್ಮೆ ಚಹಾ ನೋಡಿದ.

"ಮಾವ, ಹುಟ್ಯಾರ ನೋಡು," ಎಂದ.

ಎಲ್ಲರೂ ನಕ್ಕರು, ರಾಮಲಿಂಗಪ್ಪ ನಗಲಿಲ್ಲ. ಅವನ ಅಪ್ಪ ಗಿರಣಿಯಲ್ಲಿ ಹಮಾಲನಾಗಿದ್ದವನು. ಆ ಕಾಲದಲ್ಲಿ ಅವನಂಥವರಿಗೆ ಹೋಟೆಲಿನ ಒಳಗೆ ಜಾಗವಿರಲಿಲ್ಲ. ಹೊರಗೆ ಚಪ್ಪರದ ಸಂದಿಯಲ್ಲಿ ಸಿಕ್ಕಿಸಿಟ್ಟ ಒಂದು ಗ್ಲಾಸು ಇರುತ್ತಿತ್ತು. ಅದನ್ನು ತೆಗೆದು ಹಿಡಿದರೆ ಮೇಲಿಂದ ಚಹಾ ಸುರಿಯುತ್ತಿದ್ದರು. ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಬೇಕು. ಆ ಅಪ್ಪನ ಮಗ ಊರ ನಡುವೆ ಹೋಟೆಲಿಟ್ಟು, ಗಲ್ಲೆಯ ಮೇಲೆ ಬಾಬಾಸಾಹೇಬರ ಫೋಟೊ ಹಾಕಿ, ಎಲ್ಲರ ಗ್ಲಾಸನ್ನೂ ಒಂದೇ ಬಕೆಟ್ಟಿನಲ್ಲಿ ಮುಳುಗಿಸುತ್ತಿದ್ದ. ಹಾಗಾಗಿ 'ಬೇಡ' ಎಂಬ ಮಾತಿಗೆ ಅವನಿಗೆ ತಿಳಿದಿದ್ದ ಅರ್ಥ ಒಂದೇ, ಅದು ಎದೆಗೆ ಮುಳ್ಳಿನಂತೆ ನಾಟಿತು.

"ಈ ಇಬ್ಬರು ಮಾನ್ವಿ ಬಿಡೂದರಾಗ ನನ್ನ ಕೈಯ್ಯಾಂದು ಒಂದು ಗ್ಲಾಸ್ ಚಾ ಕುಡೀಬೇಕು. ಇಲ್ಲಂದ್ರ ಆ ಬೋರ್ಡ್ ನನ್ನ ಕೈಲೇ ಇಳಿಸ್ತೀನಿ," ಎಂದು ಎಲ್ಲರೆದುರು ಹೇಳಿಬಿಟ್ಟ.

ಯಲ್ಲಾಲಿಂಗ ದೇವದುರ್ಗ, ಮಾನ್ವಿ, ರಾಯಚೂರು ಬಸ್ಸಿನ ಕಂಡಕ್ಟರು. ಕಂಡಕ್ಟರ್ ಒಬ್ಬ ಸಾಕ್ಷಿಯಾದರೆ ಅರ್ಧ ಜಿಲ್ಲೆ ಸಾಕ್ಷಿಯಾದಂತೆ. ಮಧ್ಯಾಹ್ನದೊಳಗೆ ದೇವದುರ್ಗದ ಜನಕ್ಕೆ ರಾಮಲಿಂಗಪ್ಪನ ಶಪಥ ಗೊತ್ತಾಗಿತ್ತು.

ಶತ್ರುವಿನ ಸುದ್ದಿ ತಿಳಿಯಲು ರಾಮಲಿಂಗಪ್ಪ ಮೊಬೈಲ್ ಅಂಗಡಿಯ ಜಿಲಾನಿ ಪಾಷಾನ ಬಳಿ ಹೋದ. ಆ ಹುಡುಗರು ಬಾಡಿಗೆಗೆ ಇದ್ದದ್ದು ಪಾಷಾನ ಅಂಗಡಿಯ ಮೇಲಿನ ಕೋಣೆಯಲ್ಲಿ.

"ಅಮೆರಿಕಾದಾಗ ಮಾರ್ಮನ್ ಅಂತ ಒಂದು ಕ್ರಿಶ್ಚಿಯನ್ ಸಭಾ ಅದ ಭಾಯಿ," ಎಂದ ಪಾಷಾ. "ಅದರೊಳಗಿನ ಹುಡುಗರು ಎರಡು ವರ್ಷ ಮನಿ ಬಿಟ್ಟು ದೇವರ ಕೆಲಸಕ್ಕ ಹೋಗ್ತಾರಂತ. ಆರೂವರಿಗೆ ಏಳ್ತಾರ, ಮೊಣಕಾಲೂರಿ ಪ್ರಾರ್ಥನಾ ಮಾಡ್ತಾರ, ಓದ್ತಾರ. ಸೋಮವಾರ ಅರಬಿ ಒಗೀತಾರ. ಅವ್ವಗ ವಾರಕ್ಕ ಒಂದಾ ಫೋನು. ಒಬ್ಬಾಂವ ಕಟಿಂಗಿಗೆ ಹೋದ್ರ ಇನ್ನೊಬ್ಬಾಂವ ಬಾಜೂಕ ಕುಂತಿರ್ತಾನ. ನನ್ನ ಮದುವಿ ಆಗಿ ಮೂವತ್ತು ವರ್ಷ ಆತು, ನಾನೂ ಜಾಹೆದಾನೂ ಇಷ್ಟು ಕೂಡಿ ಇದ್ದಿದ್ದಿಲ್ಲ."

"ಚಾ ಯಾಕ ಕುಡಿಯಂಗಿಲ್ಲ?"

"ಅದೊಂದು ಕೇಳಿಲ್ಲ."

ಕೇಳದೆ ಬಿಟ್ಟ ಆ ಒಂದೇ ಪ್ರಶ್ನೆಯಿಂದ ಮುಂದಿನದೆಲ್ಲ ನಡೆಯಿತು. ಬುಧವಾರ ರಾಮಲಿಂಗಪ್ಪ ಶುಂಠಿ ಚಹಾ ಕೊಟ್ಟ. ಬೇಡ, ಧನ್ಯವಾದಗಳು. ಗುರುವಾರ ಏಲಕ್ಕಿ ಚಹಾ. ಧನ್ಯವಾದಗಳು. ಶುಕ್ರವಾರ ಹಾಲಿಲ್ಲದ ನಿಂಬೆ ಚಹಾ, ಶನಿವಾರ ಬೆಲ್ಲದ ಚಹಾ. ನಾಲ್ಕು ದಿನದಲ್ಲಿ ಅವನಿಗೆ ಸಿಕ್ಕಷ್ಟು ಧನ್ಯವಾದ ಮಾನ್ವಿಯಲ್ಲಿ ಯಾವ ಮಂತ್ರಿಗೂ ಸಿಕ್ಕಿರಲಿಕ್ಕಿಲ್ಲ.

ಹುಡುಗರು ದಿನಾ ಸಂಜೆ ಐದಕ್ಕೆ ಕೋಣೆಯ ಮುಂದಿನ ಮಾಳಿಗೆಯ ಮೇಲೆ ಪುಕ್ಕಟೆ ಇಂಗ್ಲಿಷ್ ಕಲಿಸುತ್ತಿದ್ದರು. ತಮ್ಮ ಧರ್ಮವನ್ನು ಕೇಳಿದವರಿಗೆ ಮಾತ್ರ ಹೇಳುತ್ತಿದ್ದರು. ಮಾನ್ವಿಯಲ್ಲಿ ಧರ್ಮ ಕೇಳಿದವರು ಕಡಿಮೆ, ಇಂಗ್ಲಿಷ್ ಕೇಳಿದವರು ಬಹಳ. ನಿಂಗರಾಜ ನೋಟ್ ಪುಸ್ತಕ ಹಿಡಿದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಕಣ್ಣಾರೆ ನೋಡಿಬಿಡೋಣ ಎಂದು ರಾಮಲಿಂಗಪ್ಪನೂ ಹೋಗಿ ಕುಳಿತ. ಅವನ ಗ್ರಹಚಾರ, ಅಂದಿನ ಪಾಠ ಅತಿಥಿ ಸತ್ಕಾರದ್ದು.

"ವುಡ್ ಯು ಲೈಕ್ ಸಮ್ ಟೀ?" ಎಂದು ಬಾರ್ಲೊ ಕೇಳಿದ. ಹಲಗೆಯ ಮೇಲೆ ಎರಡು ಉತ್ತರ ಬರೆದಿದ್ದ. ಯೆಸ್ ಪ್ಲೀಸ್. ನೋ ಥ್ಯಾಂಕ್ ಯು. ಪ್ರೇಮಾನಂದ ಎರಡರ ಅರ್ಥವನ್ನೂ ಬಿಡಿಸಿ ಹೇಳಿದ.

ರಾಮಲಿಂಗಪ್ಪ ಎದ್ದು ನಿಂತ. "ಸರ, ಎರಡನೇದು ಅಳಸ್ರಿ."

"ಯಾಕಂಡಿ?" ಎಂದ ಪ್ರೇಮಾನಂದ.

"ಆ ಉತ್ತರ ಮಾನ್ವ್ಯಾಗ ಇಲ್ರಿ. ಅಮೆರಿಕಾದಾಗ ಏನಾರ ಇರಲಿ. ಇಲ್ಲಿ ಮನಿಗೆ ಬಂದಾಂವ ಹಂಗಂದ್ರ ನಾಳಿಂದ ಮಾತು ಬಂದ್ ಆಗ್ತಾವ."

ಪ್ರೇಮಾನಂದ ಬಾರ್ಲೊನ ಕಿವಿಯಲ್ಲಿ ಹೇಳಿದ. ಬಾರ್ಲೊ ಬಟ್ಟೆ ತೆಗೆದುಕೊಂಡು, ಎರಡನೆಯ ಉತ್ತರವನ್ನು ಅಳಿಸಿಯೇಬಿಟ್ಟ. ಮಾನ್ವಿಯ ಗೌರವ ಉಳಿಯಿತು. ಆದರೆ ಪಾಠ ಮುಗಿದ ಮೇಲೆ ರಾಮಲಿಂಗಪ್ಪ ಕೊಟ್ಟ ಚಹಾವನ್ನು ಅವನು ಎಂದಿನಂತೆ ಎದೆಯ ಮೇಲೆ ಕೈಯಿಟ್ಟು ಬೇಡವೆಂದ.

ಎದುರಿಗೆ ಬೇಡ ಅನ್ನುತ್ತಾರೆ, ಬೆನ್ನು ತಿರುಗಿಸಿದರೆ ಕುಡಿಯುತ್ತಾರೆ, ಲೋಕ ಇರುವುದೇ ಹೀಗೆ ಎಂಬುದು ರಾಮಲಿಂಗಪ್ಪನ ಲೆಕ್ಕ. ನಿಂಗರಾಜನ ಮೇಲಿನ ಸಾಹೇಬರೊಬ್ಬರು ಶನಿವಾರ ಉಪವಾಸ ಮಾಡಿ ಹೋಟೆಲಿನ ಹಿಂಬಾಗಿಲಲ್ಲಿ ಮಿರ್ಚಿ ತಿನ್ನುವುದನ್ನು ಅವನು ಕಂಡಿದ್ದ. ಹಾಗಾಗಿ ಭಾನುವಾರ ಬೆಳಿಗ್ಗೆ ಆರೂವರೆಗೆ, ಏಲಕ್ಕಿ ಜಜ್ಜಿ ಹಾಕಿದ ಒಂದು ಕೆಟಲಿ ಚಹಾವನ್ನೂ ಗ್ಲಾಸುಗಳನ್ನೂ ಅವರ ಬಾಗಿಲ ಮುಂದೆ ಇಟ್ಟು, ನೀರಿನ ಟಾಕಿಯ ಹಿಂದೆ ಅಡಗಿ ಕುಳಿತ.

ಬಾಗಿಲು ತೆರೆಯಿತು. ಬಾರ್ಲೊ ಆಚೆ ಈಚೆ ನೋಡಿದ, ಯಾರೂ ಇಲ್ಲ. ಮುಚ್ಚಳ ತೆಗೆದು ಬಗ್ಗಿದ. ಬಗ್ಗಿದವನು ಹಾಗೇ ಕಣ್ಣು ಮುಚ್ಚಿ ನಿಂತುಬಿಟ್ಟ. ಹುಡುಗನ ಬಾಯಿ ವ್ರತ ಹಿಡಿದಿತ್ತು, ಮೂಗು ಯಾವ ವ್ರತವನ್ನೂ ಹಿಡಿದಿರಲಿಲ್ಲ. ಅವನ ಗಂಟಲು ಒಮ್ಮೆ ನುಂಗಿದ್ದು ಟಾಕಿಯ ಹಿಂದಿನಿಂದಲೂ ಕಂಡಿತು. ಕುಡಿದ, ಕುಡಿದ ಎಂದು ರಾಮಲಿಂಗಪ್ಪ ಮನಸ್ಸಿನಲ್ಲೇ ಕುಣಿದ.

ಬಾರ್ಲೊ ಮುಚ್ಚಳ ಮುಚ್ಚಿದ. ಪ್ರೇಮಾನಂದನನ್ನು ಕರೆದ. ಇಬ್ಬರೂ ಕೆಟಲಿ ಹಿಡಿದು ಕೆಳಗಿಳಿದು, ಗಿರಣಿಯ ಮುಂದೆ ಅಕ್ಕಿ ಚೀಲ ಏರಿಸುತ್ತಿದ್ದ ಹಮಾಲರಿಗೆಲ್ಲ ಚಹಾ ಸುರಿದುಕೊಟ್ಟರು.

ಅಷ್ಟರಲ್ಲಿ ಟಾಕಿ ತುಂಬಿ ಹರಿಯಿತು. ರಾಮಲಿಂಗಪ್ಪ ನೆತ್ತಿಯಿಂದ ಹಿಮ್ಮಡಿಯವರೆಗೆ ನೆನೆದರೂ, ಕೆಳಗಿದ್ದ ಹುಡುಗರಿಗೆ ಕಂಡೀತೆಂದು ಎದ್ದು ಬರುವಂತಿರಲಿಲ್ಲ. ಕೊನೆಗೆ ತೊಟ್ಟಿಕ್ಕುತ್ತ ಹೋಟೆಲಿಗೆ ಬಂದಾಗ ಕೆಟಲಿ ಅವನಿಗಿಂತ ಮೊದಲೇ ಬಂದು ಗಲ್ಲೆಯ ಮೇಲೆ ಫಳಫಳ ಹೊಳೆಯುತ್ತಿತ್ತು.

"ಆ ಹುಡುಗರು ತೊಳದು ತಂದಿಟ್ರು," ಎಂದಳು ಯಮನಮ್ಮ. "ಇದರ ತಳ ಬೆಳ್ಳಗ ಅದ ಅನ್ನೂದು ನನಗ ಇವತ್ತಾ ಗೊತ್ತಾತು. ನೀ ಯಾಕ ತೊಯ್ಸಿಕೊಂಡಿ?"

ರಾಮಲಿಂಗಪ್ಪ ಟವೆಲಿನಿಂದ ತಲೆ ಒರೆಸಿಕೊಂಡ. ಅವನಿಗೆ ಚಳಿಗಿಂತ ಹೆಚ್ಚಾಗಿ ಬೆರಗು ಹತ್ತಿತ್ತು. ಬೇಕಾಗಿತ್ತು, ಹುಡುಗನಿಗೆ ಆ ಚಹಾ ಬೇಕಾಗಿತ್ತು. ಅವ್ವ ಏಳು ಸಮುದ್ರದ ಆಚೆ ಇದ್ದಾಳೆ, ಗುರು ಹತ್ತಿರವಿಲ್ಲ, ನೋಡುವವರು ಒಬ್ಬರೂ ಇಲ್ಲ, ಇದ್ದ ಒಬ್ಬನೂ ಟಾಕಿಯ ಹಿಂದೆ. ಆದರೂ ಮುಟ್ಟಲಿಲ್ಲ. ಇಂಥದ್ದನ್ನು ಅವನು ತನ್ನ ಐವತ್ತೈದು ವರ್ಷದಲ್ಲಿ ಕಂಡಿರಲಿಲ್ಲ.

ಈ ಸಂಗತಿಯನ್ನು ಅವನು ಪಕ್ಕದ ಹೂವಿನಂಗಡಿಯ ಬಸವಂತಮ್ಮನಿಗೆ ಹೇಳಿದ. ಅದೇ ತಪ್ಪಾಯಿತು. ಬಸವಂತಮ್ಮ ಹೋದ ವರ್ಷ ಯಾತ್ರೆಯ ಬಸ್ಸಿನಲ್ಲಿ ಕಾಶಿಗೆ ಹೋಗಿ ಬಂದವರು. ಕಾಶಿಗೆ ಹೋದವರು ಒಂದು ತಿನಿಸು ಬಿಟ್ಟುಬರಬೇಕಲ್ಲ, ಅವರು ಹಾಗಲಕಾಯಿ ಬಿಟ್ಟುಬಂದಿದ್ದರು. ಮದುವೆಯಾದಾಗಿನಿಂದ ಅವರು ಹಾಗಲಕಾಯಿಯ ಮುಖ ನೋಡಿದವರಲ್ಲ, ಆ ಮಾತು ಬೇರೆ.

"ಇಷ್ಟೂ ತಿಳೀಲಿಲ್ಲೇನು ನಿನಗ?" ಎಂದರು ಬಸವಂತಮ್ಮ. "ಹುಡುಗರು ಕಾಶ್ಯಾಗ ಚಾ ಬಿಟ್ಟು ಬಂದಾರ."

ರಾಮಲಿಂಗಪ್ಪನಿಗೆ ತಲೆಯ ಮೇಲಿನ ಮೂಟೆ ಇಳಿದಂತಾಯಿತು. ಹಾಗಾದರೆ ತನ್ನ ಕೈಯದು ಎಂಬ ಕಾರಣಕ್ಕೆ ಅವರು ಬೇಡ ಅಂದದ್ದಲ್ಲ. ಅವನು ಆಗಲೇ ಮಾಳಿಗೆಗೆ ಓಡಿ, "ಚಾ ಬಿಟ್ಟೀರೇನ್ರಿ?" ಎಂದು ಕೇಳಿದ.

"ಹೌದು ಅಂಕಲ್," ಎಂದ ಪ್ರೇಮಾನಂದ. "ದೇವರಿಗೆ ಮಾತು ಕೊಟ್ಟೀವಂಡಿ. ಚಾ, ಕಾಫಿ, ಸಿಗರೇಟು, ಸಾರಾಯಿ. ನಾಲ್ಕೂ ಇಲ್ಲ."

ಇಪ್ಪತ್ತರ ವಯಸ್ಸಿಗೆ ನಾಲ್ಕು. ಬಸವಂತಮ್ಮ ಅರವತ್ತಾರಕ್ಕೆ ಒಂದು, ಅದೂ ಹಾಗಲಕಾಯಿ. ಕಾಶಿಗೆ ನಾವು ಹೋಗಿಲ್ಲ ಎಂದು ಪ್ರೇಮಾನಂದ ಹೇಳುವಷ್ಟರಲ್ಲಿ ರಾಮಲಿಂಗಪ್ಪ ಮೆಟ್ಟಿಲಿಳಿದು ಬೀದಿಯಲ್ಲಿದ್ದ.

ಯಲ್ಲಾಲಿಂಗನ ಬಸ್ಸು ಮಾನ್ವಿ ಬಿಡುವಾಗ ಹುಡುಗರು ಬಿಟ್ಟದ್ದು ನಾಲ್ಕು. ಕಲ್ಲೂರಿನಲ್ಲಿ ಟಿಕೆಟ್ ಹರಿಯುವಾಗ ಉಪ್ಪು ಸೇರಿ ಐದಾಯಿತು. ರಾಯಚೂರು ಮುಟ್ಟುವಷ್ಟರಲ್ಲಿ ಒಂಬತ್ತು. ಮರುದಿನ ದೇವದುರ್ಗದಲ್ಲಿ ಬಿಳಿಯ ಹುಡುಗ ನಡೆದೇ ಕಾಶಿಗೆ ಹೋಗಿದ್ದ, ಅದೂ ಅಮೆರಿಕಾದಿಂದ.

ಜನ ಬರತೊಡಗಿದರು. ಕಲ್ಲೂರಿನ ಮುದುಕನೊಬ್ಬ ಯಾವ ಘಾಟಿನಲ್ಲಿ ಮುಳುಗಿದಿರಿ ಎಂದು ಕೇಳಿದ. ದೇವದುರ್ಗದ ಹೆಂಗಸೊಬ್ಬಳು ಕೂಸನ್ನು ತಂದು ಬಾರ್ಲೊನ ಬೂಟಿನ ಮುಂದೆ ಮಲಗಿಸಿದಳು. ಬಾರ್ಲೊ ಕೂಸನ್ನು ಎತ್ತಿಕೊಂಡು, ಕೊರಳಲ್ಲಿ ಬಸವಂತಮ್ಮನ ಚೆಂಡುಹೂವಿನ ಹಾರದೊಂದಿಗೆ, ಪುಸ್ತಕದ ಕನ್ನಡದಲ್ಲಿ ಕೂಗಿ ಹೇಳಿದ: "ನಾನು ಕಾಶಿಗೆ ಹೋಗಿಲ್ಲ."

"ನೋಡ್ರಿ, ಎಷ್ಟು ದೊಡ್ಡ ಗುಣ," ಎಂದ ನಿಂಗರಾಜ. "ನಾವು ಹೋಗಲಾರದ ಹೋಗೀನಿ ಅಂತೀವಿ. ಅವರು ಹೋಗಿ ಬಂದು ಹೋಗಿಲ್ಲ ಅಂತಾರ."

ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಬೆರಗಿನ ಗುಣವೆಂದರೆ ಅದು ಬರಿಗೈಯಲ್ಲಿ ಮನೆಗೆ ಹೋಗುವುದಿಲ್ಲ. ಸಪ್ತಸಮುದ್ರ ದಾಟಿ ಬಂದ ಹುಡುಗ ನಾಲ್ಕು ಬಿಟ್ಟಿರುವಾಗ ಮಾನ್ವಿಯವರು ಒಂದಾದರೂ ಬಿಡಬೇಡವೇ ಎಂಬ ಮಾತು ಹುಟ್ಟಿತು. ಹೆಂಡ ಬಿಡುವುದು ಕಷ್ಟ, ಗುಟ್ಕಾ ಬಿಡುವುದು ಇನ್ನೂ ಕಷ್ಟ, ಹುಡುಕಿ ನೋಡಿದರೆ ಎಲ್ಲಕ್ಕಿಂತ ಹಗುರ ಸಿಕ್ಕಿದ್ದು ಚಹಾ. ಬುಧವಾರ ನಿಂಗರಾಜ ತನ್ನ ಹನ್ನೊಂದನ್ನೂ ಬಿಟ್ಟ, ಅವನ ಹಿಂದೆ ಇಡೀ ಕಚೇರಿ ಬಿಟ್ಟಿತು. ಜಾಹೆದಾ ಗುಟ್ಕಾ ಬಿಡು ಎಂದಾಗ ಜಿಲಾನಿ ಪಾಷಾ, "ಅದು ನಕೋ, ಚಾ ಬಿಡ್ತೀನಿ," ಎಂದು ರಾಜಿಯಾದ. ಹಮಾಲರೂ ಒಬ್ಬೊಬ್ಬರಾಗಿ ದೂರದಿಂದಲೇ ಕೈಮುಗಿದು ಹೋಗತೊಡಗಿದರು. ಎದೆಯ ಮೇಲೆ ಕೈ, ಬಾಯಲ್ಲಿ ಧನ್ಯವಾದ. ಹತ್ತು ದಿನದಲ್ಲಿ ಮೂರು ಒಲೆಯಲ್ಲಿ ಎರಡು ಆರಿದವು.

"ಇರಲಾರದ ಇರುವಿ ಬಿಟ್ಕೊಂಡಿ," ಎಂದಳು ಯಮನಮ್ಮ, ಒಡೆದ ಹಾಲನ್ನು ನೋಡುತ್ತ. "ಇಬ್ಬರು ಒಲ್ಲೆ ಅಂದಿದ್ರು. ಊರಿಗೂರಾ ಒಲ್ಲೆ ಅನ್ನೂಹಂಗ ಮಾಡಿದಿ. ನಾಳಿಗೆ ಏನು ಕಾಸೂದು ಹೇಳು."

ರಾಮಲಿಂಗಪ್ಪ ಒಡೆದ ಹಾಲನ್ನು ಮೋರಿಗೆ ಚೆಲ್ಲಿದ. ಅವನಿಗೆ ಹೊಟ್ಟೆಯ ಚಿಂತೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಅಪ್ಪನ ನೆನಪಾಯಿತು. ಒಳಗೆ ಕೂರಿಸಿ ಕುಡಿಸಲೆಂದು ಕಟ್ಟಿದ ಹೋಟೆಲಿನಲ್ಲಿ ಕೂರುವವರೇ ಇರಲಿಲ್ಲ. ಶನಿವಾರ ಬೆಳಿಗ್ಗೆ ಅವನು ಏಣಿ ತಂದು ಬೋರ್ಡಿನ ಮೊಳೆ ಕೀಳಲು ಹತ್ತಿದ. ಆ ಇಬ್ಬರು ಎಂದೂ ಕುಡಿಯುವವರಲ್ಲ, ಆಡಿದ ಮಾತು ಮಾತೇ.

ಅದೇ ಹೊತ್ತಿಗೆ ಹುಡುಗರು ಬಾಳೆಹಣ್ಣಿಗೆ ಬಂದರು. ಬಾರ್ಲೊ ಏಣಿ ನೋಡಿದ, ಖಾಲಿ ಬೆಂಚು ನೋಡಿದ. ಯಮನಮ್ಮ ಎಲ್ಲವನ್ನೂ ಹೇಳಿದಳು, ಪ್ರೇಮಾನಂದ ಎಲ್ಲವನ್ನೂ ಇಂಗ್ಲಿಷ್ ಮಾಡಿದ. ಕೇಳುತ್ತ ಕೇಳುತ್ತ ಬಾರ್ಲೊನ ಮುಖ ಕೆಂಪಾಯಿತು. ಅವನು ಅಂಗಿಯ ತೋಳು ಮಡಚಿದ, ಟೈಯನ್ನು ಎರಡು ಗುಂಡಿಯ ನಡುವೆ ತುರುಕಿದ, ಚಹಾದ ಗ್ಲಾಸುಗಳ ತಂತಿಬುಟ್ಟಿ ಎತ್ತಿಕೊಂಡು ಬೀದಿಗಿಳಿದ. ಪ್ರೇಮಾನಂದ ಕೆಟಲಿ ಹಿಡಿದು ಹಿಂದೆ ನಡೆದ, ಜೊತೆ ಬಿಡುವಂತಿರಲಿಲ್ಲವಲ್ಲ.

ಮೊದಲು ಸಿಕ್ಕಿದವನು ಕಚೇರಿಗೆ ಹೊರಟಿದ್ದ ನಿಂಗರಾಜ.

"ವುಡ್ ಯು ಲೈಕ್ ಸಮ್ ಟೀ?" ಎಂದ ಬಾರ್ಲೊ.

ನಿಂಗರಾಜನಿಗೆ ಪರೀಕ್ಷೆಯೆಂದು ತೋಚಿತು. ನೆಟ್ಟಗೆ ನಿಂತು, "ನೋ, ಥ್ಯಾಂಕ್ ಯು," ಎಂದ.

"ತಪ್ಪು," ಎಂದ ಬಾರ್ಲೊ ಮೇಷ್ಟ್ರ ದನಿಯಲ್ಲಿ. "ಆ ಉತ್ತರ ಮಾನ್ವಿಯಲ್ಲಿ ಇಲ್ಲ."

ನಿಂಗರಾಜ ಗ್ಲಾಸು ನೋಡಿದ, ಹುಡುಗನನ್ನು ನೋಡಿದ. ಹತ್ತು ದಿನದ ಹಸಿವು ಮುಖದಲ್ಲಿತ್ತು. "ಯೆಸ್ ಪ್ಲೀಸ್," ಎಂದು ಎರಡು ಕೈಯಿಂದ ಹಿಡಿದು, ನಡುಬೀದಿಯಲ್ಲೇ ಮೂರು ಕುಡಿದ. ನಾಲ್ಕನ್ನು ಬಿಟ್ಟವರೇ ಕೈಯಾರೆ ಕೊಡುವಾಗ ಬೇಡವೆನ್ನುವ ಎದೆ ಯಾರಿಗಿದೆ? ಜಿಲಾನಿ ಪಾಷಾ ಕರೆಯುವ ಮೊದಲೇ ಓಡಿ ಬಂದ. ಹಮಾಲರು ಬಂದರು. ಬಸ್ಸು ನಿಲ್ಲಿಸಿ ಯಲ್ಲಾಲಿಂಗ ಬಂದ, ಅವನ ಹಿಂದೆ ಅರ್ಧ ಬಸ್ಸು ಇಳಿದು ಬಂತು. ಮೂರೂ ಒಲೆ ಉರಿದವು, ಹನ್ನೊಂದಕ್ಕೆಲ್ಲ ಹಾಲು ಮುಗಿಯಿತು.

ಗದ್ದಲ ತಣ್ಣಗಾದ ಮೇಲೆ ರಾಮಲಿಂಗಪ್ಪ ಹಿಂದಕ್ಕೆ ಹೋದ. ಬಾರ್ಲೊ ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಗ್ಲಾಸು ತೊಳೆಯುತ್ತಿದ್ದ. ನಿಂಗರಾಜ ಕುಡಿದದ್ದು, ಹಮಾಲ ಕುಡಿದದ್ದು, ಊರು ಗೊತ್ತಿಲ್ಲದವರು ಕುಡಿದದ್ದು, ಒಂದೊಂದಾಗಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ಸಾಲಾಗಿ ಬೋರಲು ಇಡುತ್ತಿದ್ದ. ಅಪ್ಪನ ಒಂಟಿ ಗ್ಲಾಸನ್ನು ಅಪ್ಪನ ಹೊರತು ಯಾರೂ ಮುಟ್ಟಿ ತೊಳೆದವರಿರಲಿಲ್ಲ. ಹುಡುಗನನ್ನು ಎಬ್ಬಿಸಬೇಕೆಂದುಕೊಂಡ ರಾಮಲಿಂಗಪ್ಪ ಎಬ್ಬಿಸದೆ, ಪಕ್ಕದಲ್ಲೇ ಕುಳಿತು ತಾನೂ ಒಂದು ಗ್ಲಾಸು ತೆಗೆದುಕೊಂಡ.

ಮುಂದಿನ ತಿಂಗಳು ಹುಡುಗರಿಗೆ ಬೇರೆ ಊರಿಗೆ ಹೋಗಲು ಹೇಳಿಕೆ ಬಂತು. ಹತ್ತು ಗಂಟೆಯ ರಾಯಚೂರು ಬಸ್ಸು, ಅಲ್ಲಿಂದ ರೈಲು. ಬಸವಂತಮ್ಮ ಹಾರ ತಂದರು. ರಾಮಲಿಂಗಪ್ಪ ಚಹಾದ ಗ್ಲಾಸಿನಲ್ಲೇ, ಏಲಕ್ಕಿ, ಶುಂಠಿ, ಬೆಲ್ಲ ಹಾಕಿ ಕುದಿಸಿದ ಹಾಲು ತಂದ.

"ಚಾಪುಡಿ ಒಂದು ಕಾಳು ಹಾಕಿಲ್ರಿ. ನಮ್ಮಪ್ಪನ ಆಣಿ," ಎಂದ.

ಬಾರ್ಲೊ ಈ ಸಲ ಎದೆಯ ಮೇಲೆ ಕೈಯಿಡಲಿಲ್ಲ, ಕೈ ಚಾಚಿದ. ಕಣ್ಣು ಮುಚ್ಚಿ ಮೂಸಿದ, ಕುಡಿದ, ಖಾಲಿ ಗ್ಲಾಸನ್ನು ಮತ್ತೆ ಮುಂದೆ ಹಿಡಿದ. ಮೂರನೆಯ ಗ್ಲಾಸಿಗೆ ಯಲ್ಲಾಲಿಂಗ ಸೀಟಿ ಊದಿದ.

ಬಸ್ಸು ಹೊರಡುವಾಗ ಮುಷರ್ರಫ್ ಏಣಿಯ ಮೇಲಿದ್ದ. ರಾಮಲಿಂಗಪ್ಪ ಆಡಿದ ಮಾತಿಗೆ ಬೋರ್ಡು ಇಳಿಸಬೇಕಿತ್ತು. ಆದರೆ ಅದು ಬೇಡವೆಂದು ಇಡೀ ಬಸ್ ನಿಲ್ದಾಣ ಹಟ ಹಿಡಿದದ್ದರಿಂದ ಒಂದು ಸಾಲು ಸೇರಿಸುವುದೆಂದು ತೀರ್ಮಾನವಾಗಿತ್ತು. ಬಾರ್ಲೊ ಕಿಟಕಿಯಿಂದ ತಲೆ ಹೊರಗೆ ಹಾಕಿ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ: "ನಮ್ಮ ಚಾ ಒಲ್ಲೆ ಅಂದವರು ಇನ್ನೂ ಹುಟ್ಟಿಲ್ಲ. ಇಬ್ಬರನ್ನು ಬಿಟ್ಟು."

ಆ ಬೋರ್ಡು ಈಗಲೂ ಇದೆ. ಮೊನ್ನೆ ರಾಯಚೂರಿನಿಂದ ಬಂದ ದೊಡ್ಡ ಸಾಹೇಬರೊಬ್ಬರು ಸಕ್ಕರೆ ಕಾಯಿಲೆಯ ಕಾರಣ ಹೇಳಿ, ಚಹಾ ಬೇಡ ಎಂದರಂತೆ. ರಾಮಲಿಂಗಪ್ಪ ನಮಸ್ಕಾರ ಮಾಡಿ ಬೋರ್ಡಿನ ಕಡೆ ಕೈ ತೋರಿಸಿದ.

"ಇದ್ದಿದ್ದು ಎರಡಾ ಸೀಟು, ಎರಡೂ ಭರ್ತಿ ಆಗ್ಯಾವ್ರಿ. ಸಕ್ರಿ ಬಿಟ್ಟು ಮಾಡೀನಿ, ಕುಡೀರಿ."